ತೊಂಬತ್ತು ಮೈಲಿ ಹೋಗಿ ಬಂದ ಮೇಲೆ

ಈ ಸಭೆಯ ಅಧ್ಯಕ್ಷರೂ, ಒಂದು ಕಾಲಕ್ಕೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಹಾಯಾಗಿ ನಿದ್ದೆ ಹೊಡೆಯುತ್ತಿದ್ದವರೂ ಆದ ಶ್ರೀ ವೇಯ್ನ್ ಲಾಂಪಾ ಅವರೇ, ಕಾಲೇಜಿನಿಂದ ಬಂದಿರುವ ಅಧ್ಯಾಪಕ ಮಿತ್ರರೇ, ಶಾಲೆಯಿಂದ ಕಾಲೇಜಿಗೆ ದಾಟಿಸುವ ನಮ್ಮ ಬೇಸಿಗೆಯ ಸೇತುವೆ ತರಗತಿ ಮುಗಿಸಿ ಬರುವ ವಾರ ಕಾಲೇಜಿಗೆ ಹೊರಟಿರುವ ಮಕ್ಕಳೇ, ಕಾಫಿಯ ಆಸೆಗಾದರೂ ಬಂದು ಕೂತಿರುವ ನಮ್ಮೂರ ಸಭಿಕರೇ,

ಉತ್ತರ ಮಿನೆಸೋಟಾದ ಈ ಗಣಿ ಊರಿನಲ್ಲಿ ಒಬ್ಬಳನ್ನು ಹೊಗಳಬೇಕಾದರೆ ಅವಳು ಸಾಯಬೇಕು, ಇಲ್ಲವೇ ನಿವೃತ್ತಳಾಗಬೇಕು. ನನಗೆ ಎರಡನೆಯದು ಮೊದಲು ಬಂತು, ಪುಣ್ಯ. ವೇಯ್ನ್ ಈಗ ತಾನೇ ನನ್ನ ಬಗ್ಗೆ ಒಂದು ಕಥೆ ಹೇಳಿದರು. ಒಬ್ಬ ವಿದ್ಯಾರ್ಥಿನಿಗಾಗಿ ಇರ್ಮಾ ಹೈಕ್ಕಿಲಾ ಹಿಮದಲ್ಲಿ ತೊಂಬತ್ತು ಮೈಲಿ ಕಾರು ಓಡಿಸಿಕೊಂಡು ಹೋದಳು, ಕಾಲೇಜಿನ ಮೇಷ್ಟ್ರ ಜೊತೆ ಜಗಳವಾಡಿದಳು, ಆ ಜಗಳದಿಂದಲೇ ನಮ್ಮ ಸೇತುವೆ ತರಗತಿ ಹುಟ್ಟಿತು ಎಂದು. ನನಗೆ ಕೊಟ್ಟಿರುವ ಈ ಫಲಕದ ಮೇಲೂ ಅದನ್ನೇ ಕೆತ್ತಿಸಿದ್ದಾರೆ. ಹೌದು, ಹೋಗಿದ್ದೆ. ಅಷ್ಟು ಮಾತ್ರ ನಿಜ.

ನಾನು ಪ್ರಬಂಧ ಕಲಿಸುತ್ತಿದ್ದ ರೀತಿ ಇಲ್ಲಿ ಯಾರಿಗೆ ಗೊತ್ತಿಲ್ಲ? ಐದು ಪ್ಯಾರಾ. ಮೊದಲನೆಯದರಲ್ಲಿ ಏನು ಹೇಳುತ್ತೀಯೆಂದು ಹೇಳು. ಮೂರರಲ್ಲಿ ಮೂರು ಕಾರಣ ಕೊಡು. ಕೊನೆಯದರಲ್ಲಿ ಏನು ಹೇಳಿದೆಯೆಂದು ಮತ್ತೆ ಹೇಳು. ಇವತ್ತಿಗೂ ದಿನಸಿ ಅಂಗಡಿಯಲ್ಲಿ ನನ್ನನ್ನು ಕಂಡರೆ ಬೋಳು ತಲೆಯ ಗಂಡಸರು ಐದು ಬೆರಳು ಎತ್ತಿ ತೋರಿಸಿ ನಗುತ್ತಾರೆ. ನಗಲಿ ಬಿಡಿ. ಅಪ್ಪ ಗಣಿಯಿಂದ ಬಂದು ಊಟಕ್ಕೆ ಕೂತಲ್ಲೇ ತೂಕಡಿಸುವ ಮನೆಗಳ ಮಕ್ಕಳವು. ಹಿಡಿದುಕೊಳ್ಳಲು ಅವರಿಗೊಂದು ಕಂಬಿ ಬೇಕಿತ್ತು, ಕೊಟ್ಟೆ. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಕಿಟಕಿಯಾಚೆ ಗಣಿಯ ಕೆಂಪು ಧೂಳು, ಒಳಗೆ ಹೀಟರಿನ ಮೇಲೆ ಸಾಲಾಗಿ ಒಣಗುತ್ತಿದ್ದ ಒದ್ದೆ ಕೈಗವಸುಗಳು, ಉಣ್ಣೆಯ ಆ ವಾಸನೆ, ಇಪ್ಪತ್ತೆಂಟು ಪೆನ್ಸಿಲುಗಳ ಸದ್ದು. ಆಹಾ, ಎಂಥ ಮಕ್ಕಳು!

ಆ ಮಕ್ಕಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವಳು ರೋಸಲಿ ಜುಪಾನ್ಸಿಚ್. ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಕಾಲೇಜು ಸೇರಿದ ವರ್ಷವೇ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆಗೆ ಬಂದವಳು ಸೂಟ್‌ಕೇಸು ಪೂರ್ತಿ ತುಂಬಿಸಿಕೊಂಡೇ ಬಂದಳು. ಅವಳ ತಾಯಿ ಆಗ್ನೆಸ್ ನನಗೆ ಫೋನ್ ಮಾಡಿದರು. "ಮಿಸ್, ಇವಳು ವಾಪಸ್ ಹೋಗಲ್ಲ ಅಂತ ಹಟ ಹಿಡಿದು ಕೂತವಳೆ. ನೀವು ಕಲಿಸಿದ್ದು ಅಲ್ಲಿ ನಡೆಯಲ್ವಂತೆ. ಅದ್ಯಾವ ಸೀಮೆ ಮೇಷ್ಟ್ರು ಅಂತ ನೀವೇ ಒಸಿ ವಿಚಾರಿಸಿ!"

ನನಗೆ ಮೈಯೆಲ್ಲ ಉರಿಯಿತು. ಹಬ್ಬ ಕಳೆದ ಸೋಮವಾರವೇ, ಅಲ್ಲಿ ಒಪ್ಪದೆ ವಾಪಸ್ ಕೊಟ್ಟಿದ್ದ ಅವಳ ಪ್ರಬಂಧವನ್ನು ಹಿಡಿದುಕೊಂಡು ಹೊರಟೆ. ಕಾಲೇಜಿನ ಆ ಮೇಷ್ಟ್ರು, ನಮ್ಮನ್ನು ಕಳೆದ ವಸಂತದಲ್ಲಿ ಅಗಲಿದ ಆರ್ವಿಡ್ ನೂಟ್‌ಸನ್, ನನ್ನ ಕೋಟಿನ ಹಿಮ ಕರಗುವ ಮೊದಲೇ ಕಾಫಿ ಕೊಟ್ಟರು. ನಾನು ಕಾಗದವನ್ನು ಮೇಜಿನ ಮೇಲೆ ಬಡಿದೆ.

"ಇದರಲ್ಲಿ ಒಂದೇ ಒಂದು ತಪ್ಪು ತೋರಿಸಿ ನೋಡೋಣ."

"ತಪ್ಪೇ ಇಲ್ಲವಲ್ಲ ಮೇಡಂ, ಅದೇ ನನ್ನ ತಲೆನೋವು," ಅಂದರು. "ಗಣಿ ಮುಚ್ಚಬೇಕೋ ಬೇಡವೋ ಅಂತ ಕೇಳಿದ್ದೆ. ಮುಚ್ಚಬಾರದು ಅಂತ ಶುರು ಮಾಡಿದಾಳೆ, ಮುಚ್ಚಬಾರದು ಅಂತ ಮುಗಿಸಿದಾಳೆ. ನಡುವೆ ಅವಳು ಯೋಚನೆ ಮಾಡಿದ್ದೇನು? ಅಂದ ಹಾಗೆ, ಅವಳ ಅಪ್ಪ ಏನು ಮಾಡ್ತಾರೆ?"

"ಗಣಿಯಲ್ಲಿದ್ದರು. ಕೆಲಸ ಹೋಗಿ ಎರಡು ವರ್ಷ ಆಯ್ತು."

"ಮತ್ತೆ ಅದು ಇದರಲ್ಲಿ ಯಾಕಿಲ್ಲ?"

ಯಾಕಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಈ ಮಾತನ್ನು ಇಲ್ಲಿ ಹೇಳಬೇಕೆಂದುಕೊಂಡು ನಾನು ಬಂದವಳಲ್ಲ. ಆದರೆ ಬಾಯಿ ತೆರೆದಾಗಿದೆ.

ಹದಿನಾರನೇ ವಯಸ್ಸಿನಲ್ಲಿ ರೋಸಲಿ ಇದೇ ಗಣಿಯ ಬಗ್ಗೆ ನನಗೊಂದು ಪ್ರಬಂಧ ಬರೆದುಕೊಟ್ಟಿದ್ದಳು. "ಕೆಲಸ ಹೋದ ಮೇಲೆ ಅಪ್ಪನ ಕೆಮ್ಮು ಕಡಿಮೆಯಾಗಿದೆ, ಮಧ್ಯಾಹ್ನ ನನ್ನ ಜೊತೆ ಇಸ್ಪೀಟು ಆಡುತ್ತಾರೆ. ಅಮ್ಮ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ಅಪ್ಪನನ್ನು ಗಣಿಗೆ ಮತ್ತೆ ಕರೆಯಲಿ ಎಂದು ಬೇಡಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ." ಹೀಗೆ ಬರೆದಿದ್ದಳು. ನಾನು ಏನು ಮಾಡಿದೆ? ಕೆಂಪು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು, "ಇದು ಮನೆ ವಿಷಯ. ಒಂದು ಪಕ್ಷ ಹಿಡಿದು ಮತ್ತೆ ಬರಿ" ಎಂದೆ. ಜಾಣ ಹುಡುಗಿ, ಮತ್ತೆ ಬರೆದಳು. ಪೂರ್ಣ ಅಂಕ ಕೊಟ್ಟೆ.

ಆರ್ವಿಡ್‌ಗೆ ಇದನ್ನು ನಾನು ಅವತ್ತು ಹೇಳಲಿಲ್ಲ. ಮೂವತ್ತು ಬೇಸಿಗೆ ಅವರ ಪಕ್ಕದಲ್ಲೇ ನಿಂತು ಪಾಠ ಮಾಡಿದೆ, ಆಗಲೂ ಹೇಳಲಿಲ್ಲ. ಅವತ್ತು ಹಿಂದಿರುಗುವ ದಾರಿಯುದ್ದಕ್ಕೂ ರೋಸಲಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಅವಳ ಮನೆಯ ಅಡುಗೆಮನೆಯಲ್ಲಿ ಆಗ್ನೆಸ್ ಅಕ್ರೋಟಿನ ಸಿಹಿ ರೊಟ್ಟಿ ಕೊಯ್ದು ತಟ್ಟೆಗೆ ಹಾಕಿದರು. ರೋಸಲಿ ಕೂರಲಿಲ್ಲ.

"ಏನಂದ್ರು ಮಿಸ್? ನನ್ನ ಕೈಲಿ ಆಗತ್ತಂತಾ?"

ನಾನು ಏನೆಂದೆ ಗೊತ್ತೇ? "ಕಾಲೇಜು ಎಲ್ಲರಿಗೂ ಆಗಿಬರಲ್ಲ ಕಣಮ್ಮ."

ನಾನು ಕಲಿಸಿದ್ದರಲ್ಲಿ ಕೊರತೆ ಇದೆ ಎನ್ನುವುದಕ್ಕಿಂತ ಆ ಮಾತು ಸುಲಭವಾಗಿತ್ತು. ಅವಳು ತಲೆಯಾಡಿಸಿ ಒಳಗೆ ಹೋಗಿ ಸೂಟ್‌ಕೇಸಿನ ಬಟ್ಟೆಗಳನ್ನು ಬೀರುವಿಗೆ ಜೋಡಿಸತೊಡಗಿದಳು. ಜನವರಿಯಲ್ಲಿ ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಮುಂದಿನ ಬೇಸಿಗೆಗೆ ನಾನು ಆರ್ವಿಡ್‌ಗೆ ಕಾಗದ ಬರೆದು ಈ ತರಗತಿ ಶುರು ಮಾಡಿದೆ. ಎಷ್ಟೋ ಮಕ್ಕಳು ಕಾಲೇಜು ದಾಟಿದರು. ಸಂತೋಷವೇ. ಆದರೆ ಅವಳು ದಾಟಲಿಲ್ಲ.

ನಮ್ಮೂರಲ್ಲಿ ಯಾರೇ ತೀರಿಕೊಂಡರೂ ವಾರಪತ್ರಿಕೆಗೆ ನಾಲ್ಕು ಸಾಲು ಬರೆದುಕೊಡುವವಳು ರೋಸಲಿಯೇ. ನನ್ನ ಅಣ್ಣ ಹೋದಾಗ ಬರೆದಳು: "ಟೌನೋ ಮೀನು ಹಿಡಿಯುವುದರಲ್ಲಿ ಗಟ್ಟಿಗ, ಹಿಡಿದ ಮೀನಿನ ಉದ್ದ ಹೇಳುವುದರಲ್ಲಿ ಇನ್ನೂ ಗಟ್ಟಿಗ. ತಂಗಿಯ ಜೊತೆ ಒಂಬತ್ತು ವರ್ಷ ಮಾತು ಬಿಟ್ಟಿದ್ದ. ಆ ಒಂಬತ್ತು ವರ್ಷವೂ ಅವಳ ಮನೆ ಮುಂದಿನ ಹಿಮ ಎತ್ತಿ ಹಾಕಿದ." ಓದಿ ನಾನು ನಕ್ಕೆ, ಆಮೇಲೆ ಅತ್ತೆ. ಯಾವ ಪಕ್ಷವನ್ನೂ ಹಿಡಿಯದೆ ಅವಳು ನನ್ನ ಅಣ್ಣನನ್ನು ಇದ್ದ ಹಾಗೆಯೇ ನನಗೆ ಕೊಟ್ಟಿದ್ದಳು.

ಅವಳು ಈ ಸಭೆಯಲ್ಲೇ ಇದ್ದಾಳೆ, ಕಾಫಿ ಹಂಡೆಯ ಪಕ್ಕ. ರೋಸಲಿ, ಅಡುಗೆಮನೆಯಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಸುಳ್ಳು ಹೇಳಿದೆ. ನಿನ್ನ ಕೈಲಿ ಆಗುತ್ತಿತ್ತು. ಖಂಡಿತ ಆಗುತ್ತಿತ್ತು ಕಣೇ. ತಪ್ಪು ನನ್ನದು ಎಂದು ಒಪ್ಪಿಕೊಳ್ಳುವುದು ನನ್ನ ಕೈಲಿ ಆಗಲಿಲ್ಲ.

ವೇಯ್ನ್, ಗಡಿಯಾರ ನೋಡಬೇಡಿ, ಮುಗಿಸುತ್ತಿದ್ದೇನೆ. ಅವಳು ಎದ್ದು ನಿಂತಿದ್ದಾಳೆ. ಹೆಗಲಿಗೆ ಚೀಲ ಹಾಕಿಕೊಳ್ಳುತ್ತಿದ್ದಾಳೆ. ಹೊರಟುಬಿಡುತ್ತಾಳೋ ಏನೋ, ಹೊರಟರೂ ಅದು ಅವಳ ಹಕ್ಕು. ರೋಸಲಿ, ಒಂದು ನಿಮಿಷ ನಿಲ್ಲಮ್ಮಾ. ಈ ಸಲ ನಾನು ನಡೆಯಬೇಕಾದದ್ದು ಈ ಸಭಾಂಗಣದಷ್ಟು ದೂರ, ಬರುತ್ತಿದ್ದೇನೆ. ಮಕ್ಕಳೇ, ಸ್ವಲ್ಪ ದಾರಿ ಬಿಡಿ. ಕೇಳಿಸಿಕೊಂಡ ಎಲ್ಲರಿಗೂ ಕೃತಜ್ಞಳು, ನಮಸ್ಕಾರ.