ನಾನು ಎದ್ದಿದ್ದೀನಿ, ನೀವು ಮಲಗಿ

ಆವತ್ತು ರಾತ್ರಿ ನಮ್ಮ ಗ್ರೀಸಣ್ಣ ಮಾತ್ರೆ ತಗೊಂಡು ಬಾವಿ ಪಕ್ಕದ ದಾರೀಲಿ ಬರ್ತಿದ್ದ. ಗ್ರೀಸಣ್ಣ ಅಂದ್ರೆ ನನ್ನ ಚಿಕ್ಕಪ್ಪನ ಮಗ. ಬಸ್ಸಿನ ಇಂಜಿನ್ ಬಿಚ್ಚಿ ಕಟ್ಟೋದು ಅವನ ಕೆಲಸ, ಅದಕ್ಕೇ ಆ ಹೆಸರು. ಹಗ್ಗ ಕಂಡ್ರೆ ಹಾವು ಅನ್ನೋ ಜಾತಿ ಅಲ್ಲ ಅವನದು. ನಾವು ದೆವ್ವ ಅಂದ್ರೆ, "ಎಲ್ಲೋ ನಟ್ ಸಡಿಲ ಆಗಿರುತ್ತೆ, ನೋಡ್ರೇ" ಅಂತ ನಗ್ತಿದ್ದ. ಈಗ ನಗಲ್ಲ.

ಅವನ ಮಗಳು ಗುಬ್ಬಿಗೆ ರಕ್ತದ ಕ್ಯಾನ್ಸರ್. ಅತ್ತಿಗೆ ಕೈಕೂಸು ಕಟ್ಕೊಂಡು ಊರಲ್ಲಿದ್ದಳು, ಇವನೊಬ್ಬನೇ ಮಗಳನ್ನ ಸಿಟಿ ಆಸ್ಪತ್ರೆಗೆ ಕರ್ಕೊಂಡು ಬಂದಿದ್ದ. ಆಸ್ಪತ್ರೆ ಹಿಂದೆ, ದೂರದಿಂದ ಬಂದ ತಂದೆತಾಯಿಗಳು ಇರೋಕೆ ಅಂತ ಒಂದು ಉದ್ದನೆ ಮನೆ. ಒಂದು ಪಡಸಾಲೆ, ಎರಡೂ ಕಡೆ ಬಾಗಿಲು. ಒಂದೊಂದು ರೂಮಲ್ಲಿ ಒಂದು ಮಗು, ಒಬ್ಬ ಅಪ್ಪನೋ ಅಮ್ಮನೋ. ಬೀಗ ಇಲ್ಲ, ಗೇಟಲ್ಲಿ ತಡೆಯೋರಿಲ್ಲ, ಆದ್ರೂ ಯಾರೂ ಹೊರಗೆ ಹೋಗೋ ಹಾಗಿಲ್ಲ. ಮಗೂನ ಬಿಟ್ಟು ಎಲ್ಲಿಗೆ ಹೋಗ್ತೀರಿ? ನಾನು ನೋಡೋಕೆ ಹೋದಾಗ ಒಂದು ದಿನಕ್ಕೇ ಉಸಿರು ಕಟ್ಟಿತ್ತು.

ಅಲ್ಲಿ ಹೊಸಬರಿಗೆ ಹಳಬರೇ ದಿಕ್ಕು. ಕೂದಲು ಉದುರೋಕೆ ಮುಂಚೆ ಮಕ್ಕಳ ತಲೆ ಬೋಳಿಸ್ತಿದ್ದದ್ದು ಒಬ್ಬ ಕಟಿಂಗ್ ಅಂಗಡಿಯವನು. ಅವನ ಮಗನೂ ಅಲ್ಲೇ ಇದ್ದ. ಮೊದಲು ತನ್ನ ತಲೆ ಬೋಳಿಸಿ ತೋರಿಸ್ತಿದ್ದ, ಮಕ್ಕಳು ನಗಲಿ ಅಂತ.

ಅವರಲ್ಲಿ ಒಂದು ಪದ್ಧತಿ ಇತ್ತು. ಕ್ಯಾನ್ಸರ್ ಔಷಧಿ ನಡೀತಿರೋ ಮಗೂಗೆ ಜ್ವರ ಬಂದ್ರೆ ತಡ ಮಾಡೋ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಓಡಬೇಕು. ಎಲ್ಲರೂ ರಾತ್ರಿಯಿಡೀ ಎದ್ದಿರೋಕೆ ಆಗುತ್ತಾ? ಅದಕ್ಕೆ ಸರದಿ. ರಾತ್ರಿಗೆ ಒಬ್ಬರು ಕಾವಲು. ಬಾಗಿಲಿಂದ ಬಾಗಿಲಿಗೆ ಹೋಗಿ ಮಕ್ಕಳ ಹಣೆ ಮುಟ್ಟಿ ನೋಡೋದು, ಅನುಮಾನ ಬಂದ್ರೆ ಥರ್ಮಾಮೀಟರ್ ಇಡೋದು. ಮುಂದಿನವರು ಬಂದು, "ನಾನು ಎದ್ದಿದ್ದೀನಿ, ನೀವು ಮಲಗಿ" ಅನ್ನೋ ತನಕ ಕಾವಲಿನವರು ಕಣ್ಣು ಮುಚ್ಚೋ ಹಾಗಿಲ್ಲ. ಬಾಯಿಬಿಟ್ಟು ಆ ಮಾತು ಹೇಳಲೇಬೇಕು. ಸುಮ್ಮನೆ ತಲೆ ಆಡಿಸಿದ್ರೆ ನಡೆಯಲ್ಲ.

ಸರಿ, ಬಾವಿ ಹತ್ರ ಬಂದ. ಕಟ್ಟೆ ಮೇಲೆ ಒಬ್ಬಳು ಹೆಂಗಸು ಕೂತಿದ್ದಳು. ಯಾರೋ ಹೊಸ ತಾಯಿ, ಗಾಳಿಗೆ ಬಂದಿದಾಳೆ ಅಂದ್ಕೊಂಡ.

"ಇವತ್ತು ಯಾರ ಕಾವಲು?" ಅಂದಳು. ಪಿಸುದನಿ.

"ಕಟಿಂಗ್ ಅಣ್ಣಂದು."

"ಅವರ ಮಗನಿಗೆ ವಾಂತಿ ನಿಂತಿಲ್ಲ... ಅವರು ನಿದ್ದೆ ಹೋಗ್ತಾರೆ."

"ಇಲ್ಲಮ್ಮ, ಎದ್ದಿರ್ತಾರೆ. ನೀವೂ ಹೋಗಿ ಮಲಗಿ. ತುಂಬ ಹೊತ್ತಾಯ್ತು."

ಅವಳು ಅವನನ್ನೇ ನೋಡಿದಳು. "ನನಗಿನ್ನೂ ಯಾರೂ ಎದ್ದಿದ್ದೀನಿ ಅಂದಿಲ್ಲ."

ಅಷ್ಟೇ. ಪಾಪ, ದುಃಖಕ್ಕೆ ಏನೋ ಮಾತಾಡ್ತಾಳೆ ಅಂತ ಇವನು ಬಂದುಬಿಟ್ಟ. ಗುಬ್ಬಿಗೆ ಮಾತ್ರೆ ಕೊಟ್ಟ. ತಲೆ ದಿಂಬಿಗೆ ತಾಗಿದ್ದೇ ಗೊತ್ತು...

ನಿದ್ದೆಯಲ್ಲೇ ಕೇಳಿಸ್ತಂತೆ. ರಬ್ಬರ್ ಚಪ್ಪಲಿ. ಚಪ್... ಚಪ್... ಚಪ್. ನಿಲ್ಲುತ್ತೆ. ಒಂದು ಬಾಗಿಲು ತಳ್ಳಿದ ಶಬ್ದ. ಮತ್ತೆ ಚಪ್... ಚಪ್. ಹತ್ತಿರ ಬರ್ತಾ ಇದೆ. ಇವನ ಬಾಗಿಲಿಗೇ ಬಂತು. ಆಮೇಲೆ ಥರ್ಮಾಮೀಟರ್, ಪೀಕ್... ಪೀಕ್... ಪೀಕ್. ಮಂಚದ ಕಬ್ಬಿಣಕ್ಕೆ ಉಗುರು ಬಡಿದ ಸದ್ದು.

"ಏಳಿ. ಮಗು ಸುಡ್ತಿದೆ."

ದಡಬಡಿಸಿ ಎದ್ದ. ರೂಮಲ್ಲಿ ಯಾರೂ ಇಲ್ಲ. ಗುಬ್ಬಿ ಹಣೆ ಮುಟ್ಟಿದ್ರೆ ಕಾದ ಹೆಂಚು! ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದೆ. ಹೆಗಲ ಮೇಲೆ ಹಾಕ್ಕೊಂಡು ಬರಿಗಾಲಲ್ಲಿ ಓಡಿದ. ಡಾಕ್ಟರು ಸೂಜಿ ಚುಚ್ಚಿ, ಬೆಳಗಾದ ಮೇಲೆ ಹೊರಗೆ ಬಂದು, "ಇನ್ನೊಂದು ಚೂರು ತಡ ಆಗಿದ್ರೆ ನಮ್ಮ ಕೈಯಲ್ಲೂ ಇರ್ತಿರ್ಲಿಲ್ಲ" ಅಂದ್ರು. ಮೆಟ್ಟಿಲ ಮೇಲೆ ಕೂತು ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತನಂತೆ, ಅಷ್ಟು ದೊಡ್ಡ ಆಳು.

ಮನೆಗೆ ಬಂದವನೇ ಕಟಿಂಗ್ ಅಣ್ಣನ ಕೈ ಹಿಡ್ಕೊಂಡ. "ನೀನು ಯಾರನ್ನ ಕಳಿಸಿದ್ಯೋ, ನನ್ನ ಮಗಳನ್ನ ಉಳಿಸಿದಳು."

ಅವನು ಕೈ ಬಿಡಿಸಿಕೊಂಡ. "ನಾನು ಯಾರನ್ನೂ ಕಳಿಸಲಿಲ್ಲ ಅಣ್ಣ... ಮಗನ ಬಾಯಿ ಒರೆಸ್ತಾ ಒರೆಸ್ತಾ ಹಾಗೇ ನಿದ್ದೆ ಹೋಗಿಬಿಟ್ಟೆ. ಥರ್ಮಾಮೀಟರ್ ನನ್ನ ಜೇಬಲ್ಲೇ ಇತ್ತು."

ಮನೆ ನೋಡ್ಕೊಳ್ಳೋ ದೊಡ್ಡಮ್ಮ ಪಾತ್ರೆ ಉಜ್ಜುತ್ತಾ ಇದ್ದಳು. ಕೈ ನಿಲ್ಲಿಸಿದಳು.

"ಕೊನೇ ರೂಮಿನವಳು" ಅಂದಳು, ಮೆಲ್ಲಗೆ. "ಎಷ್ಟೋ ವರ್ಷದ ಹಿಂದೆ, ಒಂದು ರಾತ್ರಿ ಅವಳದೇ ಕಾವಲು. ಎಲ್ಲರ ಮಕ್ಕಳ ಹಣೆ ಮುಟ್ಟಿ, ತನ್ನದನ್ನ ಕೊನೆಗೆ ಮುಟ್ಟಿದಳು. ಮಗೂನ ಎತ್ಕೊಂಡು ಓಡಿದಳು. ಮಗು ಉಳೀಲಿಲ್ಲ, ವಾಪಸ್ ಬರ್ತಾ ಅವಳೂ ಆ ಬಾವಿ ದಾಟಲಿಲ್ಲ. ಅವಳಿಂದ ಕಾವಲು ತಗೊಂಡವರು ಯಾರೂ ಇಲ್ಲ."

ನಾನಾಗಿದ್ರೆ ಆವತ್ತೇ ಗಂಟುಮೂಟೆ ಕಟ್ತಿದ್ದೆ. ಆದ್ರೆ ಕಟ್ಕೊಂಡು ಎಲ್ಲಿಗೆ ಹೋಗೋದು? ಮಗಳ ಔಷಧಿ ಇನ್ನೂ ಅರ್ಧ ಆಗಿಲ್ಲ. ಹೆದರಿಕೆ ಆದ್ರೂ ಅಲ್ಲೇ ಇರಬೇಕು, ಅದೇ ಪಡಸಾಲೆಯಲ್ಲೇ ಓಡಾಡಬೇಕು.

ಗ್ರೀಸಣ್ಣನ ಸರದಿ ಬಂತು. ಥರ್ಮಾಮೀಟರ್ ಹಿಡ್ಕೊಂಡು ಹೊರಟ. ಇವನು ಒಂದು ಬಾಗಿಲು ದಾಟಿದ್ರೆ ಹಿಂದಿನ ಬಾಗಿಲಲ್ಲಿ ಚಪ್... ಚಪ್. ಇವನು ನಿಂತರೆ ಅದೂ ನಿಲ್ಲುತ್ತೆ. ಆದ್ರೂ ಅವನಿಗೆ ಹೆದರಿಕೆಗಿಂತ ಕರುಳು ಚುರ್ ಅಂದದ್ದೇ ಹೆಚ್ಚು. ಎಷ್ಟು ಕಾಲದಿಂದ ಈ ಹೆಂಗಸು ಹೀಗೇ ಸುತ್ತುತಾ ಇದಾಳೋ, ಕಾಲು ನೋಯಲ್ವಾ ಅನ್ನಿಸ್ತಂತೆ. ನಮ್ಮಣ್ಣನ ಬುದ್ಧಿಯೇ ಹಾಗೆ.

ತಿರುಗಿ ನೋಡದೇ ಹೇಳಿಬಿಟ್ಟ. "ಅಮ್ಮಾ... ನಾನು ಎದ್ದಿದ್ದೀನಿ. ನೀವು ಮಲಗಿ."

ಚಪ್ಪಲಿ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಂಬಳಿ ತುಂಬಿಟ್ಟಿದ್ದ ಆ ಕೊನೇ ರೂಮಲ್ಲಿ ಮಂಚ ಕಿರ್‌ರ್ ಅಂತು. ಒಂದು ಉದ್ದನೆ ಉಸಿರು, ಸುಸ್ತಾದವರು ಮಲಗಿದಾಗ ಬಿಡ್ತಾರಲ್ಲ, ಅಂಥದ್ದು... ಅಲ್ಲಿಗೆ ಮುಗೀತು. ಆ ಚಪ್ಪಲಿ ಮತ್ತೆ ಯಾರಿಗೂ ಕೇಳಿಸಲಿಲ್ಲ.

ಗುಬ್ಬಿ ಹುಷಾರಾದಳು. ಸಾವಿನ ಬಾಯಿಗೆ ಹೋಗಿ ಬಂದ ಮಗು! ಹೊರಡೋ ದಿನ ಎಲ್ಲರೂ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದ್ರು. ಹೊರಗೆ ಆಟೋದವನು ಹಾರ್ನ್ ಹೊಡೀತಿದ್ದ. ಹಿಂದಿನ ರಾತ್ರಿ ಕಾವಲಿದ್ದ ಗ್ರೀಸಣ್ಣ ಥರ್ಮಾಮೀಟರನ್ನ ಕಟಿಂಗ್ ಅಣ್ಣನ ಕೈಗಿಟ್ಟು ಹತ್ತಿಬಿಟ್ಟ. ಅವನು ಹೊರಡೋ ಸಂಭ್ರಮದಲ್ಲಿ "ನಾನು ಎದ್ದಿದ್ದೀನಿ, ನೀವು ಮಲಗಿ" ಅನ್ನೋ ಮಾತು ಯಾರ ನೆನಪಿಗೂ ಬರಲಿಲ್ಲ. ಮಟಮಟ ಮಧ್ಯಾಹ್ನ ಯಾರಿಗೆ ತಾನೇ ಬರುತ್ತೆ?

ಊರಿಗೆ ಬಂದ ಮೇಲೆ ಅತ್ತಿಗೆ ಗಮನಿಸಿದಳು. ರಾತ್ರಿ ಮಲಗಿದ್ರೆ ಇವನನ್ನ ಎಬ್ಬಿಸೋಕೇ ಆಗಲ್ಲ. ಅಲುಗಾಡಿಸಿದಳು, ಮುಖಕ್ಕೆ ನೀರು ಎರಚಿದಳು, ಕೈಕೂಸು ಕಿವಿ ಹತ್ರಾನೇ ಕಿರುಚಿತು. ಊಹೂಂ. ಬೆಳಕು ಹರಿದ ಮೇಲೆ ತಾನೇ ಏಳ್ತಾನೆ, ಕಣ್ಣು ಕೆಂಪು ಕೆಂಡ. ಕಾಲು ನೋವು ಅಂತ ಎಣ್ಣೆ ಹಚ್ಚಿಸಿಕೊಳ್ತಾನೆ. ಗ್ಯಾರೇಜಿನಲ್ಲಿ ನಿಂತಲ್ಲೇ ತೂಕಡಿಸ್ತಾನೆ. ಕೇಳಿದ್ರೆ, ಕಣ್ಣು ಮುಚ್ಚಿದ್ರೆ ಆ ಪಡಸಾಲೇಲೇ ಕಾವಲು ಸುತ್ತುತಾ ಇರ್ತೀನಿ, ನನಗೆ ಯಾರೂ ಮಲಗಿ ಅಂದಿಲ್ಲವಲ್ಲ ಅಂದ.

"ಆ ಮಾತು ನಾನು ಹೇಳ್ತೀನಿ, ನೀವು ಸಾಕು ಮಾಡಿ" ಅಂದಳು ಅತ್ತಿಗೆ. ಇವನು ಅವಳ ಬಾಯಿ ಮುಚ್ಚಿದ. ನಾನೂ ಅಲ್ಲೇ ಇದ್ದೆ.

"ಹೇಳಬೇಡ. ಹೇಳಿದ್ರೆ ನೀನು ನಡೀಬೇಕಾಗುತ್ತೆ."

ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಮಗಳು ಬದುಕಿದಳಲ್ಲೋ! ಊರಿನ ಉಸಾಬರಿ ಎಲ್ಲಾ ನಿನಗ್ಯಾಕೆ?"

"ಬಾಗಿಲು ಮುಗಿಯೋದೇ ಇಲ್ಲ ಕಣೇ" ಅಂದ. "ಒಂದು ಹಣೆ ಮುಟ್ಟಿದ್ರೆ ಇನ್ನೊಂದು. ಹೊರಗೆ ಬರೋ ಬಾಗಿಲು ಮಾತ್ರ ಸಿಗಲ್ಲ. ಸಿಕ್ಕಿದ್ರೂ... ನಾನು ಬಂದುಬಿಟ್ರೆ ಆ ಮಕ್ಕಳನ್ನ ಯಾರು ನೋಡ್ತಾರೆ?"

ಆ ರಾತ್ರಿ ಅವನ ಹಾಸಿಗೆ ಪಕ್ಕ ನಾನೇ ಕೂತೆ. ಕಲ್ಲಿನ ಹಾಗೆ ಬಿದ್ದಿದ್ದ. ಮೈಯೆಲ್ಲಾ ತಣ್ಣಗಿತ್ತು. ಸುಮ್ಮನೆ ಅವನ ಬಲಗೈ ಹಿಡ್ಕೊಂಡೆ. ಅಂಗೈ ಬೆಚ್ಚಗಾಯ್ತು... ತಣ್ಣಗಾಯ್ತು. ಮತ್ತೆ ಬೆಚ್ಚಗಾಯ್ತು... ತಣ್ಣಗಾಯ್ತು. ಒಂದೊಂದು ಹಣೆ ಮುಟ್ಟಿ ಬಿಟ್ಟ ಹಾಗೆ, ಎಷ್ಟೋ ಸಲ. ಕೊನೆಗೊಮ್ಮೆ ಬಿಸಿ ಏರಿತು, ಇಳೀಲಿಲ್ಲ. ಏರ್ತಾನೇ ಹೋಯ್ತು. ತಡೀಲಾರದೆ ನಾನು ಕೈ ಬಿಟ್ಟುಬಿಟ್ಟೆ.

ಯಾರೋ ಹೇಳಿದ್ದಲ್ಲ ಇದು. ಹಿಡ್ಕೊಂಡಿದ್ದವಳು ನಾನು. ಬೆಳಿಗ್ಗೆ ನೋಡ್ಕೊಂಡೆ, ನನ್ನ ಬೆರಳಲ್ಲಿ ಬೊಬ್ಬೆ ಎದ್ದಿತ್ತು.