ಮುಂದೆ ನುಗ್ಗಿದ ವಿಂಡೋ

ಸಿಂಚನಾ ಬರಲು ಒಪ್ಪಿದ್ದಾಳೆ! ಕ್ಷಮಿಸಿ, ಅಧ್ಯಕ್ಷರಾದ ಪದ್ಮನಾಭ ಸರ್, ಅತಿಥಿಗಳೇ, ನಮ್ಮ ಕಂಪನಿಯ ವಾರ್ಷಿಕೋತ್ಸವಕ್ಕೆ ರಾಜಾಜಿನಗರದ ಟ್ರಾಫಿಕ್ ದಾಟಿ ಬಂದ ಸಭಿಕರೇ, ನಿಮ್ಮನ್ನು ಮೊದಲು ನೆನೆಯಬೇಕಿತ್ತು. ಆದರೆ ಮದುವೆಯಾಗಿ ಎರಡು ತಿಂಗಳಾದರೂ ಹಾಸನದಲ್ಲೇ ಇರುವ ನನ್ನ ಹೆಂಡತಿ ಐದು ನಿಮಿಷದ ಹಿಂದಷ್ಟೇ ಒಪ್ಪಿದಳು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನನಗೆ ಈ ಪ್ರಶಸ್ತಿ ಫಲಕ ಸಿಕ್ಕಿದ್ದು ನಮ್ಮ ಚಾಟ್ ಸಾಫ್ಟ್‌ವೇರಿಗೆ ಬರೆದ ಒಂದು ಸಣ್ಣ ನಿಯಮಕ್ಕೆ. ನೀವು ಟೈಪ್ ಮಾಡುತ್ತಿರುವಾಗ ಹೊಸ ವಿಂಡೋ ತೆರೆದುಕೊಂಡರೆ, ಅದು ಮುಂದೆ ನುಗ್ಗಿ ಕೀಬೋರ್ಡನ್ನು ಕಿತ್ತುಕೊಳ್ಳಬಾರದು. ಕೆಳಗಿನ ಪಟ್ಟಿಯಲ್ಲಿ ಮಿನುಗುತ್ತಾ ಕಾಯಬೇಕು, ಕ್ಲಿಕ್ ಮಾಡಿದರೆ ಮಾತ್ರ ಬರಬೇಕು. ಇಷ್ಟು ಸರಳವಾದದ್ದು ಮೊದಲೇ ಏಕೆ ಹೊಳೆಯಲಿಲ್ಲ? ಹೊಸದಾಗಿ ಬಂದದ್ದೇ ಮುಖ್ಯ ಎಂಬ ಹಳೆಯ ನಿಯಮ ಬರೆದವನೂ ನಾನೇ.

ಕಳೆದ ತಿಂಗಳು, ನನ್ನ ರೂಮಿನಲ್ಲೇ ಇರುವ, ಟೆಸ್ಟಿಂಗ್ ತಂಡದ ಶಶಿಕುಮಾರ್ ಚಾಟಿನಲ್ಲಿ ಕೇಳಿದ: "ಏನ್ ಗುರು, ನಾನು ರೂಮ್ ಯಾವಾಗ ಖಾಲಿ ಮಾಡ್ಲಿ?" ನಾನು ಕೀಬೋರ್ಡ್ ನೋಡಿಕೊಂಡೇ ಟೈಪ್ ಮಾಡುವವನು. ತಲೆ ತಗ್ಗಿಸಿ ಹೊಡೆದೆ: "ಅವಳು ಈಗ್ಲೇ ಬರದಿದ್ರೆ ಸಾಕಪ್ಪ. ಇನ್ನೊಂದು ತಿಂಗಳು ಹೇಗಾದ್ರೂ ತಳ್ತೀನಿ." ಎಂಟರ್ ಒತ್ತಿ ತಲೆ ಎತ್ತಿದರೆ ಎದುರಿಗೆ ಸಿಂಚನಾಳ ವಿಂಡೋ. "ಶನಿವಾರಕ್ಕೆ ಟಿಕೆಟ್ ಬುಕ್ ಮಾಡ್ಲಾ ರೀ?" ಎಂದು ಆಗಷ್ಟೇ ಕೇಳಿದ್ದಳು. ಅದರ ಕೆಳಗೆ ನನ್ನ ಉತ್ತರ.

ಕೂಡಲೇ ಫೋನ್ ಮಾಡಿ, ಫೋಕಸ್, ಅಂದರೆ ಕೀಬೋರ್ಡಿನ ಹಿಡಿತ, ಹೇಗೆ ಒಂದು ವಿಂಡೋದಿಂದ ಇನ್ನೊಂದಕ್ಕೆ ಜಿಗಿಯಿತೆಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ಆಯ್ತು, ವಿಂಡೋ ತಪ್ಪು. ಮಾತು ನಿಮ್ದೇ ತಾನೆ?"

ಇದಕ್ಕೆ ಯಾವ ಕೋಡ್ ಬರೆಯಲಿ, ಸಭಿಕರೇ? ನಿಯಮವನ್ನು ನಾಲ್ಕೇ ದಿನದಲ್ಲಿ ತಿದ್ದಿದೆ. ನಿಜ ಹೇಳಲು ಇವತ್ತಿನವರೆಗೆ ಬೇಕಾಯಿತು. ಬಸವೇಶ್ವರನಗರದಲ್ಲಿ ಎರಡು ಬೆಡ್‌ರೂಮಿನ ಮನೆ ಹಿಡಿದಿದ್ದೇನೆ ಎಂದು ಮದುವೆಗೆ ಮೊದಲು ಹೇಳಿದ್ದೆ. ಇರುವುದು ಲಗ್ಗೆರೆಯಲ್ಲಿ, ಮೂರನೇ ಮಹಡಿಯ ಒಂದೇ ರೂಮು. ಈಗ, ಈ ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ ನಿಂತು, ಫೋನಿನಲ್ಲಿ ಅದನ್ನು ಹೇಳಿಬಿಟ್ಟೆ. ಅವಳು ಕೇಳಿದ್ದು ಒಂದೇ:

"ನೀರು ಬರುತ್ತಾ?"

"ದಿನ ಬಿಟ್ಟು ದಿನ."

"ಬರ್ತೀನಿ. ಇನ್ನೇನಾದ್ರೂ ಮುಚ್ಚಿಟ್ಟಿದ್ರೆ ಸ್ಟೇಷನ್‌ನಲ್ಲೇ ಹೇಳ್ಬಿಡಿ, ಅದೇ ಟ್ರೈನಲ್ಲಿ ವಾಪಸ್ ಹೋಗ್ತೀನಿ."

ಶಶಿಕುಮಾರ್, ಮೂರನೇ ಸಾಲಿನಲ್ಲಿ ನಗುತ್ತಾ ಕುಳಿತಿದ್ದೀಯ, ದಯವಿಟ್ಟು ನಾಳೆಯೇ ಗಂಟುಮೂಟೆ ಕಟ್ಟು. ಪದ್ಮನಾಭ ಸರ್, ನನಗೆ ಸೋಮವಾರ ರಜೆ ಬೇಕು. ನನ್ನ ಮನೆಯ ವಿಷಯವನ್ನೂ ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು, ನಮಸ್ಕಾರ. ಭಾನುವಾರ ಬೆಳಗ್ಗೆ, ಹಾಸನ–ಯಶವಂತಪುರ ಇಂಟರ್‌ಸಿಟಿ.