ಮರಳು ಪೆಟ್ಟಿಗೆ

ವೇದಿಕೆಯ ನಡುವಿನ ಕುರ್ಚಿಯಲ್ಲಿರುವ ಅಧ್ಯಕ್ಷರೇ, ಮನೆಯಲ್ಲಿ ನನಗೆ ಅಣ್ಣನಾದವರೇ. ಅವರ ಬಲಕ್ಕೆ ಪೆನ್ನಿನ ಮುಚ್ಚಳ ತೆಗೆದಿಟ್ಟು ಕೂತಿರುವ ಮುಖ್ಯ ಅತಿಥಿಗಳೇ, ನಮಗೆ ತಂತ್ರಾಂಶ ಮಾರಲಿರುವವರೇ. ಮುಂದಿನ ಸಾಲಿನ ಅತ್ತಿಗೆಯವರೇ. ವಿಂಗಡಣೆ, ಪ್ಯಾಕಿಂಗ್, ವಿತರಣೆ ವಿಭಾಗದ ಗೆಳೆಯ ಗೆಳತಿಯರೇ. ಬೈಕ್ ನಿಲ್ಲಿಸಲು ಜಾಗ ಸಿಗದೆ ಈಗಷ್ಟೇ ಒಳಬಂದ ಸಭಿಕರೇ,

ನಮ್ಮ ಕೊರಿಯರ್ ಸಂಸ್ಥೆಗೆ ಇಂದು ಹದಿನೈದು ವರ್ಷ. ನಾನು ಹತ್ತು ನಿಮಿಷ ‘ತಂತ್ರಾಂಶ ಆರಿಸಿದ ಬಗೆ’ಯನ್ನು ಕುರಿತು ಮಾತನಾಡಬೇಕು, ಆಮೇಲೆ ಇವರಿಬ್ಬರೂ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಕು, ಆಮೇಲೆ ಊಟ ಎಂದು ಕಾರ್ಯಕ್ರಮ ಪಟ್ಟಿಯಲ್ಲಿದೆ. ಊಟ ತಡವಾದರೆ ಯಾರನ್ನು ಬೈಯಬೇಕೆಂಬುದು ಇದರಿಂದ ಸ್ಪಷ್ಟ.

ಆರಿಸುವ ಹೊಣೆ ನನಗೇಕೆ ಬಂತು? “ಡಿಗ್ರಿ ಓದಿದೋನು ನೀನು, ನೀನೇ ನೋಡು” ಎಂದರು ಅಣ್ಣ. ಓದಿದ್ದು ಕನ್ನಡ ಮಾಧ್ಯಮ. ಕಲಿತದ್ದು ಹಳಗನ್ನಡ, ಛಂದಸ್ಸು ಮತ್ತು ಸಂಕೋಚ. ಮೂರು ಕಂಪನಿಯವರು ಬಂದು ಪರದೆ ಬಿಡಿಸಿ ತೋರಿಸಿದರು. ಮೊದಲನೆಯದಕ್ಕೆ ಸಿಗ್ನಲ್ ಇಲ್ಲದ ಕಡೆ ಉಸಿರಾಡಲು ಬರುತ್ತಿರಲಿಲ್ಲ. ನಮ್ಮ ಅರ್ಧ ಪಾರ್ಸೆಲ್‌ಗಳು ಹೋಗುವುದೇ ನೆಲಮಾಳಿಗೆಯ ಅಂಗಡಿಗಳಿಗೆ. ಎರಡನೆಯದು ಮನೆ ನಂಬರ್ ಇಲ್ಲದ ವಿಳಾಸವನ್ನು ವಿಳಾಸವೆಂದೇ ಒಪ್ಪುತ್ತಿರಲಿಲ್ಲ. ‘ನೀರಿನ ಟ್ಯಾಂಕ್ ಹಿಂದೆ, ಹಸಿರು ಗೇಟು, ನಾಯಿ ಇದೆ’ ಎಂದು ನಮ್ಮವರು ಬರೆದುಕೊಳ್ಳುವುದನ್ನು ಅದಕ್ಕೆ ಯಾರು ಕಲಿಸಬೇಕು? ಮೂರನೆಯದು ಇಂದಿನ ಅತಿಥಿಗಳದು. ಹಳೆಯ ಫೋನಿನಲ್ಲೂ ಓಡುತ್ತಿತ್ತು, ಸಿಗ್ನಲ್ ಹೋದರೆ ಬರುವ ತನಕ ಕಾಯುತ್ತಿತ್ತು.

ಆದರೆ ನಾನು ಅದನ್ನು ಆರಿಸಿದ್ದು ಅದಕ್ಕಲ್ಲ. ಅದು ಕನ್ನಡದಲ್ಲಿತ್ತು. ಮೊದಲಿಬ್ಬರು ಇಂಗ್ಲಿಷಿನಲ್ಲಿ ವಿವರಿಸುವಾಗ ನಾನು ತಲೆಯಾಡಿಸಿದ್ದೆ. ಮೂರನೆಯವರಲ್ಲಿ ಮಾತ್ರ ತಲೆಯಾಡಿಸುವ ಮೊದಲು ಓದಿದ್ದೆ.

ಒಂದು ತಿಂಗಳು ಪರೀಕ್ಷೆಗೆಂದು ಅದನ್ನು ನಮ್ಮ ಎಲ್ಲರ ಫೋನಿಗೂ ಹಾಕಿ ಬಿಟ್ಟುಕೊಟ್ಟರು. “ಯಾವುದಾದ್ರೂ ಡೆಲಿವರಿಯವರ ಲಾಗಿನ್ ಹಾಕ್ಕೊಂಡು ಅಭ್ಯಾಸ ಮಾಡಿ ಸಾರ್, ಏನು ಬೇಕಾದ್ರೂ ಒತ್ತಿ, ಏನೂ ಆಗಲ್ಲ” ಎಂದರು. ಎಲ್ಲರ ಪಾಸ್‌ವರ್ಡ್ ನನ್ನ ಬಳಿಯೇ ಇತ್ತು. ನಾನು ಮುಂಗುಸಿಯದನ್ನು ಹಾಕಿದೆ. ಮುಂಗುಸಿ ಯಾರೆಂದು ನಿಮಗೆಲ್ಲ ಗೊತ್ತು: ಸಂದಿಯಲ್ಲಿ ನುಗ್ಗಿ ಗೊಂದಿಯಲ್ಲಿ ಏಳುವವನು, ಹನ್ನೊಂದು ವರ್ಷ ನಮ್ಮ ಪಾರ್ಸೆಲ್ ಹೊತ್ತವನು. ಇಂದು ಈ ಸಭೆಯಲ್ಲಿ ಇಲ್ಲದವನು.

ತೆರೆದಾಗ ಒಂದು ಪಟ್ಟಿ ಬಂತು. ‘ದಾಖಲೆ’, ‘ಒಡೆಯುವ ವಸ್ತು’, ‘ತಂಪಿನ ಪೆಟ್ಟಿಗೆ’, ಕೆಳಗೆ ‘ಮರಳು ಪೆಟ್ಟಿಗೆ’. ಅದರ ಮುಂದೆ ಮೊದಲೇ ಟಿಕ್ ಇತ್ತು. ಏನಿದು? ಮರಳು ತುಂಬಿದ ಪೆಟ್ಟಿಗೆಯೋ, ಮರಳಿ ಬಂದ ಪೆಟ್ಟಿಗೆಯೋ? ಮರಳು ನಾವು ಸಾಗಿಸುವುದಿಲ್ಲ. ಮರಳಿ ಬಂದದ್ದಕ್ಕೆ ಬೇರೆ ಅಂಕಣವಿದೆ. ಟಿಕ್ ತೆಗೆದುಬಿಟ್ಟೆ.

ಸಭಿಕರೇ, ಮಕ್ಕಳು ಆಡಲೆಂದು ಮರಳು ತುಂಬಿಡುವ ತೊಟ್ಟಿಗೆ ಇಂಗ್ಲಿಷಿನಲ್ಲಿ ‘ಸ್ಯಾಂಡ್‌ಬಾಕ್ಸ್’ ಎಂಬ ಹೆಸರಿದೆಯಂತೆ. ತಂತ್ರಾಂಶದವರು ಅಭ್ಯಾಸದ ಅಂಗಳಕ್ಕೂ ಅದನ್ನೇ ಇಟ್ಟಿದ್ದಾರಂತೆ. ಯಾರೋ ಅದನ್ನು ಪದಕ್ಕೆ ಪದ ಇಟ್ಟು ಕನ್ನಡ ಮಾಡಿದ್ದಾರೆ. ಟಿಕ್ ಇದ್ದಷ್ಟು ಹೊತ್ತು ಒತ್ತಿದ್ದೆಲ್ಲ ಆಟ. ತೆಗೆದರೆ ಎಲ್ಲವೂ ನಿಜ. ಕೇಳಬಹುದಿತ್ತಲ್ಲ ಎನ್ನುತ್ತೀರಿ. ಇಂಗ್ಲಿಷ್ ಅರ್ಥವಾಗದಿದ್ದರೆ ಕೇಳಲು ನಾಚಿಕೆ, ಸರಿ. ಕನ್ನಡವೇ ಅರ್ಥವಾಗಲಿಲ್ಲ ಎಂದು ಕನ್ನಡ ಓದಿದವನು ಯಾರನ್ನು ಕೇಳಲಿ?

ಪಟ್ಟಿಯ ಮೊದಲ ಪಾರ್ಸೆಲ್ ಮೇಲೆ ‘ತಲುಪಿದೆ’ ಒತ್ತಿದೆ. ‘ಪಡೆದವರು?’ ಎಂದು ಕೇಳಿತು. ಬೆರಳು ಸುಮ್ಮನಿರಲಿಲ್ಲ. ‘ದೊಡ್ಡಪ್ಪ, ಮೀಸೆ ಸಣ್ಣ, ಹೊಟ್ಟೆ ದಪ್ಪ’ ಎಂದು ಬರೆದೆ. ಒಬ್ಬನೇ ನಕ್ಕೆ. ಚಹಾ ಕುಡಿದೆ.

ಅದು ಆಸ್ಪತ್ರೆಯಿಂದ ಲ್ಯಾಬಿಗೆ ಹೋಗಬೇಕಿದ್ದ ತಂಪಿನ ಪೆಟ್ಟಿಗೆ. ಒಳಗೆ ನಿವೃತ್ತ ಶಿಕ್ಷಕಿಯೊಬ್ಬರ ಗಂಟಲಿನಿಂದ ಪರೀಕ್ಷೆಗೆಂದು ಕತ್ತರಿಸಿದ ಚೂರು. ನಾನು ಒತ್ತಿದ ಕ್ಷಣ ಅದು ಮುಂಗುಸಿಯ ಫೋನಿನ ಪಟ್ಟಿಯಿಂದ ಮಾಯವಾಯಿತು. ಪಟ್ಟಿಯಲ್ಲಿದ್ದದ್ದನ್ನು ಹೊತ್ತು ಅವನು ಹೋದ. ಪೆಟ್ಟಿಗೆ ಕೆಳಗಿನ ಕಪಾಟಿನಲ್ಲಿ ಎರಡು ದಿನ ಕೂತಿತು. ತಲುಪಿದೆ ಎಂದಾದ ಮೇಲೆ ಯಾರು ಹುಡುಕುತ್ತಾರೆ? ಮಂಜುಗಡ್ಡೆ ಕರಗಿತು, ಚೂರು ಕೆಟ್ಟಿತು, ಆ ತಾಯಿಯ ಗಂಟಲಿಗೆ ಮತ್ತೆ ಕತ್ತರಿ ಬಿತ್ತು.

ಒಂಬತ್ತು ದಿನದ ಹಿಂದೆ ಅಧ್ಯಕ್ಷರು ಮುಂಗುಸಿಯನ್ನು ಎಲ್ಲರೆದುರು ನಿಲ್ಲಿಸಿಕೊಂಡರು. “ಕೊಡದೇ ಕೊಟ್ಟೆ ಅಂತ ಒತ್ತಿದೀಯಲ್ಲೋ! ಜೊತೆಗೆ ದೊಡ್ಡಪ್ಪ ಬೇರೆ. ಲ್ಯಾಬಲ್ಲಿ ಯಾವ ದೊಡ್ಡಪ್ಪನೋ ನಿಂಗೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

“ನನ್ನ ಪಟ್ಟೀಲೇ ಇರ್ಲಿಲ್ಲ ಸಾರ್. ಫೋನಲ್ಲಿ ಕನ್ನಡ ಹೊಡೆಯೋಕೆ ನಂಗೆ ಬರೋದೇ ಇಲ್ಲ” ಎಂದ. ಹೇಳಿ ನನ್ನ ಮುಖ ನೋಡಿದ. ಈ ಆಫೀಸಿನಲ್ಲಿ ಪ್ರಾಸ ಕಟ್ಟುವವರು ಎಷ್ಟು ಜನ ಎಂಬುದು ಅವನಿಗೆ ಗೊತ್ತಿತ್ತು. ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಧ್ಯಕ್ಷರಿಗೆ ಗೊತ್ತಿರಲಿಲ್ಲವೇ? ನಲವತ್ತೈದು ವರ್ಷ ನನ್ನ ಪ್ರಾಸ ಕೇಳಿಸಿಕೊಂಡು ಬೆಳೆದವರು... ಇರಲಿ, ಆ ಪ್ರಶ್ನೆ ಇಂದಿನ ವಿಷಯಕ್ಕೆ ಸೇರಿದ್ದಲ್ಲ.

ಮರುದಿನ ಪ್ಯಾಕಿಂಗ್ ವಿಭಾಗದ ಟೇಪಕ್ಕ, ಅಂದರೆ ಮುಂಗುಸಿಯ ಹೆಂಡತಿ, ಎಂದಿನಂತೆ ಒಂಬತ್ತಕ್ಕೇ ಬಂದರು. ಟೇಪ್ ಹರಿಯುತ್ತಾ ಕೇಳಿದರು: “ಸಾರ್, ನೀವು ಓದ್ಕೊಂಡೋರು. ಕಂಪ್ಯೂಟರ್ ಸುಳ್ಳು ಹೇಳುತ್ತಾ?”

“ಇಲ್ಲಮ್ಮಾ” ಎಂದೆ. ಹೇಳಿದ್ದು ನಿಜವೇ. ಅದು ಸುಳ್ಳು ಹೇಳಿರಲಿಲ್ಲ.

ಅತಿಥಿಗಳು ಪೆನ್ನಿಗೆ ಮುಚ್ಚಳ ಹಾಕಿದರು. ಮುಚ್ಚಬೇಡಿ ಸಾರ್, ನಿಮ್ಮ ತಂತ್ರಾಂಶ ಒಳ್ಳೆಯದೇ. ಆ ಎರಡು ಪದ ಅಳಿಸಿ ‘ಅಭ್ಯಾಸ’ ಎಂದು ಬರೆಯಿರಿ, ನಾವು ಕೊಳ್ಳುತ್ತೇವೆ. ಆದರೆ ಸಹಿಗೆ ಮೊದಲು ಒಂದು ಕೆಲಸ ಬಾಕಿ ಇದೆ. ಕೆಲಸದಿಂದ ತೆಗೆದು ಮನೆಗೆ ಕಳಿಸಿದ ದಿನದಿಂದ ಮುಂಗುಸಿಯ ಲಾಗಿನ್‌ಗೆ ಬೀಗ ಬಿದ್ದಿದೆ; ಅದು ತೆರೆಯಲು ಇಬ್ಬರು ಒಪ್ಪಬೇಕು. ಬೆಳಿಗ್ಗೆ ನನ್ನ ಒಪ್ಪಿಗೆ ಒತ್ತಿದ್ದೇನೆ. ಕಾರಣ ಬರೆಯುವ ಜಾಗದಲ್ಲಿ ‘ತಪ್ಪು ನನ್ನದು’ ಎಂದಷ್ಟೇ ಬರೆದಿದ್ದೇನೆ, ಪ್ರಾಸವಿಲ್ಲದೆ. ಎರಡನೆಯ ಒಪ್ಪಿಗೆ ಅಧ್ಯಕ್ಷರದು. ಟೇಪಕ್ಕ ಎರಡನೆಯ ಸಾಲಿನಲ್ಲಿದ್ದಾರೆ. ಅವರು ತಲೆ ಎತ್ತಿದ್ದಾರೆ.

ನನ್ನನ್ನು ಏನು ಮಾಡಬೇಕೆಂಬುದನ್ನು ನಾಳೆ ತೀರ್ಮಾನಿಸಿ, ನಾನು ಬಂದು ನಿಲ್ಲುತ್ತೇನೆ. ಅಣ್ಣಾ, ಆಗಿನಿಂದ ನಿನ್ನ ಜೇಬಲ್ಲಿ ಟಿಂಗ್ ಅಂತಿರೋದು ಅದೇ. ತೆಗೆದು ನೋಡು.

ತೆಗೆದರು. ದೂರ ಹಿಡಿದು ನೋಡುತ್ತಿದ್ದಾರೆ, ಅಕ್ಷರ ಕಾಣುತ್ತಿಲ್ಲ. ಅತ್ತಿಗೆ, ಕನ್ನಡಕ ನಿಮ್ಮ ಕೈಚೀಲದಲ್ಲಿರಬೇಕು, ಸ್ವಲ್ಪ ಮೇಲಕ್ಕೆ ದಾಟಿಸಿ.

ಇಷ್ಟು ಹೊತ್ತು ಹಸಿವು ತಡೆದು ಕೇಳಿದ ನಿಮಗೆಲ್ಲ ಉಪಕಾರ. ಮಾತು ಮುಗಿಯಿತು. ಅವರು ಓದಿ ಮುಗಿಸುವ ತನಕ ಮೈಕ್ ಹಿಡಿದು ಇಲ್ಲೇ ನಿಂತಿರುತ್ತೇನೆ. ನಮಸ್ಕಾರ.